ಆಕೃತಿ ನಕಲು ಪರೀಕ್ಷೆಗಳಿಂದ ಸೀಸದ ಪರಿಣಾಮ ತಿಳಿಯುತ್ತದೆಯೇ?

ಬೋರ್ಡಿನ ಮೇಲಿರುವುದನ್ನು ನೋಡಿ ಬರೆಯಲು ತುಂಬಾ ಹೊತ್ತು ಹಿಡಿಯುತ್ತದೆ, ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಮಾತಿನಲ್ಲಿ ಮಾತ್ರ ಚುರುಕು ಎಂಬ ದೂರಿನೊಂದಿಗೆ ಮಕ್ಕಳನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತರುವ ಪೋಷಕರು ಅನೇಕ. ಅಂಥ ಮಗುವಿನ ಮೌಲ್ಯಮಾಪನದಲ್ಲಿ ಆಕೃತಿಗಳನ್ನು ನೋಡಿ ನಕಲು ಮಾಡಿಸುವ ಒಂದು ಪರೀಕ್ಷೆ ಇದ್ದೇ ಇರುತ್ತದೆ. ಕಲಿಕಾ ನ್ಯೂನತೆಯನ್ನು ಗುರುತಿಸಲು ನಿಮ್ಹಾನ್ಸ್ ರೂಪಿಸಿರುವ ಪರೀಕ್ಷಾ ಸಮೂಹದಲ್ಲಿಯೂ ಅದಕ್ಕೆ ಸ್ಥಾನವಿದೆ. ಅರಿಶಿನದಲ್ಲಿ, ಗೋಡೆಯ ಬಣ್ಣದಲ್ಲಿ ಸೀಸವಿರುವ ಸುದ್ದಿಯನ್ನು ಓದಿದ ಕೆಲವು ಪೋಷಕರು ಈಗ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಮಗುವಿನ ಮೈಯಲ್ಲಿ ಸೀಸ ಸೇರಿದೆಯೇ ಎಂಬುದು ಈ ಪರೀಕ್ಷೆಯಿಂದ ಗೊತ್ತಾಗುತ್ತದೆಯೇ? ಒಂದು ಮಗುವಿನ ಮಟ್ಟಿಗೆ ಗೊತ್ತಾಗುವುದಿಲ್ಲ. ಆದರೆ ನೂರಾರು ಮಕ್ಕಳನ್ನು ಒಟ್ಟಿಗೆ ಪರೀಕ್ಷಿಸಿದಾಗ ಸೀಸದ ಪರಿಣಾಮವನ್ನು ಇವು ಸಾಕಷ್ಟು ಚೆನ್ನಾಗಿಯೇ ತೋರಿಸಿಕೊಟ್ಟಿವೆ.

ಅಮೆರಿಕದ ಮನೋವೈದ್ಯೆ ಲಾರೆಟ್ಟಾ ಬೆಂಡರ್ 1938ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂಬತ್ತು ಕಾರ್ಡುಗಳಿವೆ. ಚುಕ್ಕಿಗಳ ಸಾಲು, ಒಂದನ್ನೊಂದು ದಾಟುವ ಅಲೆಗೆರೆ, ವೃತ್ತಕ್ಕೆ ತಾಗಿದ ಚೌಕ ಇತ್ಯಾದಿಗಳನ್ನು ಮಗು ನೋಡಿಕೊಂಡು ಬರೆಯಬೇಕು. ಮಕ್ಕಳ ತಪ್ಪುಗಳನ್ನು ಎಣಿಸುವ ಕ್ರಮವನ್ನು 1960ರ ದಶಕದಲ್ಲಿ ಮನೋವಿಜ್ಞಾನಿ ಕೊಪಿಟ್ಜ್ ರೂಪಿಸಿದರು. ಅವರು ಆಕಾರ ಕೆಡುವುದು, ಆಕೃತಿ ತಿರುಗಿಹೋಗುವುದು, ಭಾಗಗಳು ಒಂದಕ್ಕೊಂದು ಸೇರದಿರುವುದು, ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ ಬರೆಯುತ್ತಲೇ ಹೋಗುವುದು ಎಂದು ತಪ್ಪುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. 1967ರಲ್ಲಿ ಬಂದ ಬೀರಿ ಪರೀಕ್ಷೆಯ ಆಕೃತಿಗಳು ಸುಲಭದಿಂದ ಕಠಿಣಕ್ಕೆ ಏರುತ್ತವೆ. ಸಾಮಾನ್ಯವಾಗಿ ಮಗು ಮೂರು ವರ್ಷಕ್ಕೆ ವೃತ್ತ, ನಾಲ್ಕಕ್ಕೆ ಕೂಡುಗೆರೆ (+), ಐದರ ಹೊತ್ತಿಗೆ ಚೌಕ ಮತ್ತು ತ್ರಿಕೋನ, ಏಳರ ಸುಮಾರಿಗೆ ವಜ್ರಾಕೃತಿ ಬರೆಯಬಲ್ಲದು. ಈ ಬೀರಿ ಪರೀಕ್ಷೆಯಲ್ಲಿ ರಬ್ಬರು ಕೊಡುವುದಿಲ್ಲ, ಹಾಳೆ ತಿರುಗಿಸಲು ಬಿಡುವುದಿಲ್ಲ. ಕೆಲಸ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ಇಷ್ಟು ಸರಳವಾದ ಕೆಲಸಕ್ಕೂ ಮಿದುಳಿನ ಹಲವು ಭಾಗಗಳು ಒಂದೇ ಹೊತ್ತಿಗೆ ದುಡಿಯಬೇಕಾಗುತ್ತದೆ. ಹಿಂಭಾಗ ಆಕೃತಿಯನ್ನು ಗ್ರಹಿಸಬೇಕು, ಪಾರ್ಶ್ವಭಾಗ ಗೆರೆಗಳ ದಿಕ್ಕು ಮತ್ತು ಅಂತರವನ್ನು ಲೆಕ್ಕ ಹಾಕಬೇಕು, ಮುಂಭಾಗ ಎಲ್ಲಿಂದ ಆರಂಭಿಸಿ ಎಲ್ಲಿ ನಿಲ್ಲಿಸಬೇಕೆಂದು ಯೋಜಿಸಬೇಕು, ಕಿರುಮಿದುಳು ಬೆರಳಿನ ಚಲನೆಯನ್ನು ಹದದಲ್ಲಿಡಬೇಕು. ಸೀಸವು ನರಕೋಶಗಳಲ್ಲಿ ಕ್ಯಾಲ್ಸಿಯಂನ ಜಾಗಕ್ಕೆ ನುಗ್ಗಿ ಅವುಗಳ ನಡುವಿನ ಸಂಪರ್ಕ ರೂಪುಗೊಳ್ಳುವ ಕ್ರಿಯೆಯನ್ನೇ ಕೆಡಿಸುತ್ತದೆ. ಅಂದರೆ ಒಂದೇ ಕೇಂದ್ರವನ್ನು ಆರಿಸಿ ಹೊಡೆಯುವ ವಿಷ ಅದಲ್ಲ. ಆದ್ದರಿಂದ ಹಲವು ಕೇಂದ್ರಗಳ ಹೊಂದಾಣಿಕೆಯನ್ನು ಬೇಡುವ ಕೆಲಸದಲ್ಲಿ ಅದರ ಹಾನಿ ಮೊದಲು ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಪರೀಕ್ಷೆಯಲ್ಲಿ ಭಾಷೆಯ ಪಾತ್ರ ಕಡಿಮೆ ಇರುವುದರಿಂದ ಬೇರೆ ಬೇರೆ ದೇಶಗಳ ಮಕ್ಕಳ ಮೇಲೆ ಒಂದೇ ಪರೀಕ್ಷೆಯನ್ನು ಬಳಸಲು ಸಂಶೋಧಕರಿಗೆ ಅನುಕೂಲವೂ ಆಯಿತು.

ಈ ಸುಳಿವು ಹೊಸದೇನಲ್ಲ. ಸೀಸದ ವಿಷಬಾಧೆಗೆ ಚಿಕಿತ್ಸೆ ಪಡೆದು, ಗುಣವಾಗಿದೆ ಎಂದು ಮನೆಗೆ ಕಳುಹಿಸಿದ್ದ 20 ಮಕ್ಕಳು ಶಾಲೆಯಲ್ಲಿ ಹೇಗಿದ್ದಾರೆಂದು ಅಮೆರಿಕದ ಬಾಸ್ಟನ್ನಿನಲ್ಲಿ ಬೈಯರ್ಸ್ ಮತ್ತು ಲಾರ್ಡ್ ಹುಡುಕಿ ನೋಡಿ 1943ರಲ್ಲಿ ವರದಿ ಮಾಡಿದರು. ಒಬ್ಬರನ್ನು ಬಿಟ್ಟು ಉಳಿದೆಲ್ಲರೂ ಕಲಿಕೆಯಲ್ಲಿ ಹಿಂದೆ ಬಿದ್ದಿದ್ದರು. ಹಲವರ ಬುದ್ಧಿಮತ್ತೆಯ ಅಂಕ ಹೇಳಿಕೊಳ್ಳುವಷ್ಟು ಕಡಿಮೆಯಿರಲಿಲ್ಲ. ಆದರೆ ಆಕಾರ, ದಿಕ್ಕು, ಸ್ಥಳಾವಕಾಶದ ಗ್ರಹಿಕೆಯಲ್ಲಿ ಎಡವುತ್ತಿದ್ದರು. ಯುರೋಪಿನ ಎಂಟು ದೇಶಗಳಲ್ಲಿ ಆರರಿಂದ ಹನ್ನೊಂದು ವರ್ಷದ 1,879 ಮಕ್ಕಳನ್ನು ಸೇರಿಸಿಕೊಂಡ ಅಧ್ಯಯನದ ಫಲಿತಾಂಶವನ್ನು ವಿನ್ನೆಕೆ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದಾಗಲೂ ಇಂಥದೇ ಚಿತ್ರ ಮೂಡಿತು: ಬೆಂಡರ್ ಆಕೃತಿಗಳಲ್ಲಿ ಮತ್ತು ಸರಣಿ ಪ್ರತಿಕ್ರಿಯಾ ಪರೀಕ್ಷೆಯಲ್ಲಿ (ಒಂದರ ಹಿಂದೊಂದು ಬರುವ ಸಂಕೇತಗಳಿಗೆ ತಕ್ಷಣ ಪ್ರತಿಕ್ರಿಯಿಸುವುದು) ಸೀಸದ ಪರಿಣಾಮ ಸ್ಪಷ್ಟವಾಗಿತ್ತು, ಬುದ್ಧಿಮತ್ತೆಯ ಅಂಕದಲ್ಲಿ ಇದೆಯೋ ಇಲ್ಲವೋ ಎಂಬಷ್ಟೇ ಇತ್ತು. ಸೀಸ ಕರಗಿಸುವ ದೊಡ್ಡ ಕುಲುಮೆಯಿರುವ ಆಸ್ಟ್ರೇಲಿಯಾದ ಪೋರ್ಟ್ ಪಿರಿ ಪಟ್ಟಣದಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಮಕ್ಕಳಿಗೆ ಏಳನೆಯ ವಯಸ್ಸಿನಲ್ಲಿ ಬೀರಿ ಪರೀಕ್ಷೆ ಮಾಡಿದಾಗಲೂ, ರಕ್ತದಲ್ಲಿ ಸೀಸ ಹೆಚ್ಚಿದ್ದವರ ಅಂಕ ಕಡಿಮೆಯಿತ್ತು.

ನಮಗೆ ಹೆಚ್ಚು ಹತ್ತಿರದ್ದು ಚೆನ್ನೈನ ಅಧ್ಯಯನ. ಮೂರರಿಂದ ಏಳು ವರ್ಷದ 800ಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ರಕ್ತದ ಸೀಸದ ಸರಾಸರಿಯೇ ಡೆಸಿಲೀಟರಿಗೆ ಸುಮಾರು 11 ಮೈಕ್ರೋಗ್ರಾಂ ಇತ್ತು. ದೇಶದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿ ಕೆಲವು ವರ್ಷ ಕಳೆದ ಮೇಲಿನ ಮಾತಿದು. ಅಲ್ಲಿ ಬಳಸಿದ ಪರೀಕ್ಷೆಗೆ ಮೂರು ಭಾಗಗಳಿವೆ: ಆಕೃತಿ ಬರೆಯುವುದು, ಹೊಂದುವ ಚಿತ್ರವನ್ನು ಆರಿಸುವುದು, ತೂತುಗಳಿರುವ ಹಲಗೆಯಲ್ಲಿ ಕಡ್ಡಿಗಳನ್ನು ಬೇಗಬೇಗ ಸಿಕ್ಕಿಸುವುದು. ಸೀಸ ಹೆಚ್ಚಿದಂತೆ ಆಕೃತಿ ಬರೆಯುವ ಭಾಗದ ಅಂಕವೂ ಒಟ್ಟು ಅಂಕವೂ ಇಳಿದವು. 10 ಮೈಕ್ರೋಗ್ರಾಂ ಹೆಚ್ಚಳಕ್ಕೆ ಒಟ್ಟು ಅಂಕದಲ್ಲಿ ಸುಮಾರು ಮೂರರಷ್ಟು ಇಳಿಕೆ.

ಮೂರು ಅಂಕ ಎಂದರೆ ಎಷ್ಟು? ಇಂಥ ಪರೀಕ್ಷೆಗಳ ಸರಾಸರಿ 100, ಹರವು 15; ಅಂದರೆ ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳ ಅಂಕ 85ರಿಂದ 115ರ ನಡುವೆ ಇರುತ್ತದೆ. ನನ್ನ ಮುಂದೆ ಕುಳಿತ ಮಗುವಿಗೆ ಇಂದು 92 ಬಂದು ಮುಂದಿನ ವಾರ 95 ಬಂದರೆ ನಾನು ಅದಕ್ಕೆ ಯಾವ ಅರ್ಥವನ್ನೂ ಕೊಡುವುದಿಲ್ಲ; ನಿದ್ದೆ, ಹಸಿವು, ಮೊಂಡಾದ ಪೆನ್ಸಿಲ್ ಸಾಕು ಅಷ್ಟು ಏರುಪೇರಿಗೆ. ಆದರೆ ಒಂದು ಲಕ್ಷ ಮಕ್ಕಳ ಸರಾಸರಿಯೇ ಮೂರು ಅಂಕ ಕುಸಿದರೆ, 70ಕ್ಕಿಂತ ಕೆಳಗೆ ಬೀಳುವವರ ಸಂಖ್ಯೆ ಸುಮಾರು 2,300ರಿಂದ 3,600ಕ್ಕೆ ಏರುತ್ತದೆ. ಹೆಚ್ಚಾದ ಆ 1,300 ಮಕ್ಕಳು ಯಾರು ಎಂದು ಬೆರಳಿಟ್ಟು ತೋರಿಸಲು ಯಾವ ಪರೀಕ್ಷೆಗೂ ಆಗದು.

ತಿಮಿಂಗಿಲ, ಮೀನು ತಿನ್ನುವುದರಿಂದ ಮೈಸೇರುವ ಇನ್ನೊಂದು ಲೋಹವಾದ ಪಾದರಸದ ವಿಷಯದಲ್ಲಿ ಚಿತ್ರ ಇಷ್ಟು ನೇರವಾಗಿಲ್ಲ. ತಿಮಿಂಗಿಲದ ಮಾಂಸ ತಿನ್ನುವ ಫೆರೋ ದ್ವೀಪಗಳಲ್ಲಿಯೂ, ಸಮುದ್ರದ ಮೀನೇ ಮುಖ್ಯ ಆಹಾರವಾದ ಸೇಶೆಲ್ಸ್‌ನಲ್ಲಿಯೂ ಮಕ್ಕಳಿಗೆ ಬೆಂಡರ್ ಆಕೃತಿಗಳನ್ನು ಕೊಡಲಾಗಿತ್ತು. ಫೆರೋದಲ್ಲಿ ಏಳು ವರ್ಷದ ಮಕ್ಕಳಲ್ಲಿ ಕಂಡ ಕೊರತೆ ಭಾಷೆ, ಗಮನ, ನೆನಪಿನಲ್ಲಿ ಹೆಚ್ಚಾಗಿತ್ತು, ಆಕೃತಿ ಮತ್ತು ಚಲನೆಯ ಕೆಲಸಗಳಲ್ಲಿ ಕಡಿಮೆಯಿತ್ತು. ಸೇಶೆಲ್ಸ್‌ನ ಐದೂವರೆ ವರ್ಷದ ಮಕ್ಕಳಲ್ಲಿ ಹಾನಿಯೇ ಗೋಚರಿಸಲಿಲ್ಲ. ಆಕೃತಿ ಪರೀಕ್ಷೆಯೊಂದನ್ನೇ ನಂಬಿ ಎಲ್ಲ ಲೋಹಗಳಿಗೂ ತೀರ್ಪು ಕೊಡಲು ಹೊರಡುವವರು ಈ ಎರಡು ದ್ವೀಪಗಳನ್ನು ಮರೆಯಬಾರದು.

ನಮ್ಮ ಮಕ್ಕಳ ಮಟ್ಟಿಗೆ ದೊಡ್ಡ ತೊಡಕು ಬೇರೆಯದು. ಅಂಗನವಾಡಿಗೂ ಸರಿಯಾಗಿ ಹೋಗದೆ ಆರು ವರ್ಷಕ್ಕೆ ಮೊದಲ ಬಾರಿ ಪೆನ್ಸಿಲ್ ಹಿಡಿದ ಮಗು ತ್ರಿಕೋನದಲ್ಲಿ ತಪ್ಪಿದರೆ ಅದು ಅಭ್ಯಾಸದ ಕೊರತೆ. ಕನ್ನಡಕ ಬೇಕಾದ ಮಗು, ಅವಧಿಗೆ ಮುನ್ನ ಹುಟ್ಟಿದ ಮಗು, ರಕ್ತಹೀನತೆಯಿರುವ ಮಗು, ಎಲ್ಲರೂ ಇದೇ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ. ಕಬ್ಬಿಣಾಂಶದ ಕೊರತೆಯಂತೂ ಎರಡು ಕಡೆಯಿಂದಲೂ ಕಾಡುತ್ತದೆ: ಅದು ತಾನೇ ಕಲಿಕೆಯನ್ನು ಕುಂಠಿಸುತ್ತದೆ, ಜೊತೆಗೆ ಕರುಳು ಸೀಸವನ್ನು ಹೆಚ್ಚು ಹೀರುವಂತೆ ಮಾಡುತ್ತದೆ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಗುಜರಿ ಶೆಡ್ಡಿನ ಪಕ್ಕದಲ್ಲಿ ಬೆಳೆಯುವ ಮಗುವಿಗೆ ಬಡತನ, ರಕ್ತಹೀನತೆ, ಸೀಸ ಮೂರೂ ಒಟ್ಟಿಗೇ ಬರುತ್ತವೆ. ಅಧ್ಯಯನಗಳಲ್ಲಿ ಇವನ್ನು ಸಂಖ್ಯಾಶಾಸ್ತ್ರದಿಂದ ಬೇರ್ಪಡಿಸಲು ಯತ್ನಿಸಬಹುದು. ಚಿಕಿತ್ಸಾಲಯದ ಮೇಜಿನ ಮೇಲಿರುವ ಒಂದು ಹಾಳೆಯಿಂದ ಬೇರ್ಪಡಿಸಲಾಗದು.

ಹಾಗೆಂದು ರಕ್ತಪರೀಕ್ಷೆಯೊಂದೇ ಸಾಕು ಎನ್ನುವಂತೆಯೂ ಇಲ್ಲ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ, ಮೂಳೆ ಸೇರಿದ್ದು ದಶಕಗಳ ಕಾಲ ಅಲ್ಲೇ ಕೂರುತ್ತದೆ. ಎರಡನೆಯ ವಯಸ್ಸಿನಲ್ಲಿ ಗೋಡೆಯ ಬಣ್ಣದ ಚಕ್ಕೆ ತಿಂದು ಈಗ ಎಂಟನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಬಂದ ಮಗುವಿನ ರಕ್ತ ಹೆಚ್ಚು ಕಡಿಮೆ ಸ್ವಚ್ಛವಾಗಿರಬಹುದು, ಅದರ ಕೈಬರಹದಲ್ಲಿ ಮಾತ್ರ ಹಳೆಯ ಹಾನಿ ಉಳಿದಿರಬಹುದು.

ಆದ್ದರಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಆಕೃತಿ ನಕಲಿನಲ್ಲಿ ಅಂಕ ಕಡಿಮೆ ಬಂದರೆ, ಗುರುತಿಸುವಿಕೆಯನ್ನೂ ಬೆರಳಿನ ಚಲನೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಕೊರತೆ ನೋಟದಲ್ಲಿದೆಯೇ, ಕೈಯಲ್ಲಿದೆಯೇ, ಎರಡರ ಹೊಂದಾಣಿಕೆಯಲ್ಲಿದೆಯೇ ಎಂದು ನೋಡುತ್ತೇನೆ. ಕಣ್ಣಿನ ತಪಾಸಣೆ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಿರಲೇಬೇಕು. ಬಳಿಕ ಮನೆಯ ವಿಚಾರಣೆ: ತಂದೆಯ ಕೆಲಸ ಬ್ಯಾಟರಿ, ಬಣ್ಣ ಅಥವಾ ಬೆಸುಗೆಯದೇ, ಕೆಲಸದ ಬಟ್ಟೆಯಲ್ಲೇ ಮನೆಗೆ ಬರುತ್ತಾರೆಯೇ, ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದ 2017ಕ್ಕೆ ಮೊದಲು ಬಳಿದ ಬಣ್ಣ ಉದುರುತ್ತಿದೆಯೇ, ಬಿಡಿಯಾಗಿ ಕೊಂಡ ಅರಿಶಿನ ಅಸಹಜವಾಗಿ ಹೊಳೆಯುತ್ತದೆಯೇ, ಮಗುವಿಗೆ ಹಚ್ಚುವ ಕಾಡಿಗೆ ಎಲ್ಲಿಯದು, ಮಗು ಮಣ್ಣು ತಿನ್ನುತ್ತದೆಯೇ. ಸಂಶಯ ಬಂದರೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸೀಸದ ಪರೀಕ್ಷೆಗೆ ಕಳುಹಿಸುತ್ತೇನೆ, ಏಕೆಂದರೆ ಬೆರಳಿನ ತುದಿ ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ಧೂಳಿನ ಸೀಸವೂ ಸೇರಿಬಿಡುತ್ತದೆ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲವನ್ನು ಪತ್ತೆಹಚ್ಚಿ ತೆಗೆಯಬೇಕು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿದ್ದರೆ ತುಂಬಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ.

ಸೀಸವನ್ನು ಹೊರಹಾಕುವ ಔಷಧ ಕೊಟ್ಟರೆ ಅಂಕ ಏರುತ್ತದೆಯೇ ಎಂದು ಕೇಳುವವರಿಗೆ ಅಮೆರಿಕದಲ್ಲಿ 780 ಪುಟ್ಟ ಮಕ್ಕಳ ಮೇಲೆ ನಡೆದ ಪ್ರಯೋಗವನ್ನು ನೆನಪಿಸುತ್ತೇನೆ. ರಕ್ತದ ಸೀಸ ಡೆಸಿಲೀಟರಿಗೆ 20ರಿಂದ 44 ಮೈಕ್ರೋಗ್ರಾಂ ನಡುವೆ ಇದ್ದ ಆ ಮಕ್ಕಳಲ್ಲಿ ಔಷಧದಿಂದ ಸೀಸದ ಮಟ್ಟ ಇಳಿಯಿತು, ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಲಾಭ ಕಾಣಲಿಲ್ಲ. ಹೀಗಾಗಿ ವರದಿಯಲ್ಲಿ "ಸೀಸದಿಂದಾದ ದೋಷ" ಎಂದು ನಾನು ಬರೆಯುವುದಿಲ್ಲ. ಆಕೃತಿ ನಕಲಿನ ಅಂಕ ಇಷ್ಟು, ರಕ್ತದ ಸೀಸ ಇಷ್ಟು, ಸಂಭವನೀಯ ಮೂಲ ಇಂಥದು ಎಂದು ಮೂರನ್ನೂ ಬೇರೆಬೇರೆಯಾಗಿ ದಾಖಲಿಸಿ, ಬೋರ್ಡಿನಿಂದ ನಕಲು ಮಾಡುವ ಬದಲು ಅಚ್ಚಾದ ಹಾಳೆ ಕೊಡುವಂತೆಯೂ ಬರವಣಿಗೆಗೆ ಹೆಚ್ಚಿನ ಸಮಯ ಕೊಡುವಂತೆಯೂ ಶಾಲೆಗೆ ಸೂಚಿಸಿ, ಒಂದು ವರ್ಷದ ಬಳಿಕ ಅದೇ ಪರೀಕ್ಷೆಗೆ ಮತ್ತೆ ಬರಲು ಹೇಳುತ್ತೇನೆ.