ಮೊದಲು ನೆಲ ಹೇಳಿ, ಆಮೇಲೆ ಫಿರಂಗಿ

ವಿಜ್ಞಾನ ಕಥೆಗೆ, ಗೇಮಿಗೆ, ಅನಿಮೇಷನ್ನಿಗೆ ಅಂತ ಹಗುರ ಬೇಹು ಟ್ಯಾಂಕಿನ ಚಿತ್ರ ಹಿಡಿದುಕೊಂಡು ಬರುವವರು ಮಣಿಪಾಲದಲ್ಲೂ ಮಂಗಳೂರಿನಲ್ಲೂ ಈಗ ಸಾಕಷ್ಟು ಮಂದಿ ಇದ್ದಾರೆ. ಗೆರೆ ಚೆನ್ನಾಗಿರುತ್ತದೆ, ನೆರಳು ಬೆಳಕು ಚೆನ್ನಾಗಿರುತ್ತದೆ. ಆದರೆ ಹಾಳೆಯ ಮಧ್ಯದಲ್ಲಿ ಮೊದಲು ಬರೆದದ್ದು ಫಿರಂಗಿ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. 120 ಮಿ.ಮೀ. ನಳಿಕೆ, ಅದನ್ನು ಹೊರಲು ಗೋಪುರ, ಗೋಪುರ ಹೊರಲು ಒಡಲು, ಕೊನೆಗೆ ಉಳಿದ ಜಾಗದಲ್ಲಿ ಎರಡು ಸಪೂರ ಟ್ರ್ಯಾಕು, ಅಂದರೆ ಚಕ್ರಗಳ ಸುತ್ತ ಓಡುವ ಉಕ್ಕಿನ ಪಟ್ಟಿ. ಪಕ್ಕದಲ್ಲಿ 'ತೂಕ 10 ಟನ್' ಎಂಬ ಬರಹ. ಇದು ಯಾವ ನೆಲದ ಮೇಲೆ ಓಡುತ್ತದೆ ಎಂದು ಕೇಳಿದರೆ ಉತ್ತರವಿಲ್ಲ.

ಬೇಹು ವಾಹನದ ಕೆಲಸ ಇತರರು ಹೋಗಲಾರದ ಕಡೆ ಹೋಗುವುದು, ನೋಡುವುದು, ತಿಳಿಸುವುದು, ಕಣ್ಣಿಗೆ ಬೀಳದೆ ಹಿಂದೆ ಬರುವುದು. ಹಾಗಾಗಿ ವಿನ್ಯಾಸದ ಮೊದಲ ಅಂಕಿ ನೆಲದ ಮೇಲಿನ ಒತ್ತಡ. ವಾಹನದ ತೂಕವನ್ನು ಎರಡೂ ಟ್ರ್ಯಾಕುಗಳು ನೆಲಕ್ಕೆ ತಾಗುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಅದು ಸಿಗುತ್ತದೆ. 12 ಟನ್ ವಾಹನ, ಟ್ರ್ಯಾಕಿನ ಅಗಲ 45 ಸೆಂ.ಮೀ., ನೆಲಕ್ಕೆ ತಾಗುವ ಉದ್ದ 3 ಮೀಟರ್ ಎನ್ನಿ. ಎರಡು ಟ್ರ್ಯಾಕಿಗೆ 27,000 ಚದರ ಸೆಂ.ಮೀ. ಆಯಿತು. ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.44 ಕಿಲೋ. 70 ಕಿಲೋದ ಮನುಷ್ಯ ಒಂದು ಪಾದದ ಮೇಲೆ ನಿಂತಾಗ ಬೀಳುವುದು ಸುಮಾರು 0.35. ಅಂದರೆ ಈ ಟ್ಯಾಂಕ್ ಮನುಷ್ಯ ನಡೆಯುವ ಕೆಸರಿನಲ್ಲಿ ಹೆಚ್ಚುಕಡಿಮೆ ನಡೆಯುತ್ತದೆ. ಅದೇ ಟ್ರ್ಯಾಕಿನ ಮೇಲೆ 20 ಟನ್ ಹೇರಿದರೆ ಒತ್ತಡ 0.74. ಏಣೆಲು (ಮಳೆಗಾಲದ ಮೊದಲ ಭತ್ತದ) ಬೆಳೆಗೆ ಉಳುವ ಗದ್ದೆಗೆ ಬರಿ ಟಯರಿನ ಟ್ರ್ಯಾಕ್ಟರ್ ಇಳಿಸಿದರೆ ಏನಾಗುತ್ತದೆ, ಅಗಲದ ಕೇಜ್ ವೀಲ್ (ಕಬ್ಬಿಣದ ಪಂಜರ ಚಕ್ರ) ಕಟ್ಟಿದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಸಲ ಎಂಜಿನ್ ಅದೇ.

ಇಲ್ಲಿಗೆ ಎಲ್ಲರೂ ಹೇಳುವ ಮಾತು: "ಹಾಗಾದರೆ ಟ್ರ್ಯಾಕ್ ಅಗಲ ಮಾಡುವ, ಇಲ್ಲ ಉದ್ದ ಮಾಡುವ." ತಪ್ಪು ತಿಳಿವಳಿಕೆ ಬೇರು ಬಿಟ್ಟಿರುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡುವ.

20 ಟನ್ನಿಗೂ 0.44ರ ಒತ್ತಡವೇ ಬೇಕಾದರೆ ಸುಮಾರು 45,000 ಚದರ ಸೆಂ.ಮೀ. ಬೇಕು. ಉದ್ದ 3 ಮೀಟರಿನಲ್ಲೇ ಇಟ್ಟರೆ ಒಂದೊಂದು ಟ್ರ್ಯಾಕಿನ ಅಗಲ 75 ಸೆಂ.ಮೀ. ವಾಹನದ ಒಟ್ಟು ಅಗಲ 2.5 ಮೀಟರ್ ಎಂದಿಟ್ಟುಕೊಂಡರೆ ಎರಡು ಟ್ರ್ಯಾಕಿನ ನಡುವೆ ಒಡಲಿಗೆ ಉಳಿಯುವುದು ಬರಿ 1 ಮೀಟರ್. ಚಾಲಕನ ಭುಜ, ಎಂಜಿನ್, ಗೇರ್‌ಪೆಟ್ಟಿಗೆ, ಮದ್ದುಗುಂಡು ಎಲ್ಲ ಅದರಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಒಡಲು ಮೇಲಕ್ಕೆ ಬೆಳೆಯುತ್ತದೆ, ಎತ್ತರವಾದ ವಾಹನ ದೂರದಿಂದಲೇ ಕಾಣುತ್ತದೆ. ಇನ್ನು ಅಗಲ 45 ಸೆಂ.ಮೀ.ನಲ್ಲೇ ಇಟ್ಟು ಉದ್ದ ಮಾಡಿದರೆ ನೆಲಕ್ಕೆ ತಾಗುವ ಭಾಗ 5 ಮೀಟರ್ ಆಗುತ್ತದೆ. ಟ್ರ್ಯಾಕ್ ವಾಹನ ತಿರುಗುವುದು ಜಾರಿಕೊಂಡು. ಒಂದು ಬದಿ ವೇಗ, ಇನ್ನೊಂದು ಬದಿ ನಿಧಾನ. ನೆಲಕ್ಕೆ ತಾಗುವ ಉದ್ದವನ್ನು ಎರಡು ಟ್ರ್ಯಾಕಿನ ಮಧ್ಯರೇಖೆಗಳ ಅಂತರದಿಂದ ಭಾಗಿಸಿದಾಗ ಬರುವ ಅಂಕಿ ಸಾಮಾನ್ಯವಾಗಿ 1.2ರಿಂದ 1.8ರೊಳಗೆ ಇರಬೇಕು. ನಮ್ಮ 12 ಟನ್ನಿನ ವಾಹನದಲ್ಲಿ ಅದು 3ನ್ನು 2.05ರಿಂದ ಭಾಗಿಸಿದಾಗ ಸುಮಾರು 1.46, ಒಳ್ಳೆಯ ಅಂಕಿ. 5 ಮೀಟರ್ ಮಾಡಿದರೆ 2.44. ಆ ವಾಹನ ನೇರ ಓಡೀತು, ಆದರೆ ಕೆಸರಿನಲ್ಲಿ ತಿರುಗಿಸಲು ಹೋದರೆ ಟ್ರ್ಯಾಕ್ ಮಣ್ಣನ್ನು ಬದಿಗೆ ದೂಡಿ ತಾನೇ ಗುಂಡಿ ತೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಟ್ರ್ಯಾಕ್ ಕಳಚುತ್ತದೆ.

"ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ದೊಡ್ಡದು ಮಾಡಿದರೆ?" ಉದ್ದ, ಅಗಲ, ಎತ್ತರ, ತಗಡಿನ ದಪ್ಪ ಎಲ್ಲವೂ 1.25 ಪಟ್ಟು ಆದಾಗ ಟ್ರ್ಯಾಕಿನ ವಿಸ್ತೀರ್ಣ 1.56 ಪಟ್ಟಾಗುತ್ತದೆ, ತೂಕ 1.95 ಪಟ್ಟು. ಒತ್ತಡ 1.25 ಪಟ್ಟು ಏರಿತು. ಚಿತ್ರವನ್ನು ಕಂಪ್ಯೂಟರಿನಲ್ಲಿ ಎಳೆದು ಹಿಗ್ಗಿಸುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ತೂಕ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಕವಚದಿಂದ. 1 ಚದರ ಮೀಟರ್ ಉಕ್ಕಿನ ತಗಡು 10 ಮಿ.ಮೀ. ದಪ್ಪಕ್ಕೆ ಸುಮಾರು 78 ಕಿಲೋ ತೂಗುತ್ತದೆ. ಹೊರಮೈ 40 ಚದರ ಮೀಟರ್ ಇದ್ದರೆ, ಸುತ್ತ 10 ಮಿ.ಮೀ. ಸೇರಿಸಿದಾಗಲೆಲ್ಲ 3 ಟನ್ನಿಗೂ ಮೇಲೆ ಏರುತ್ತದೆ. ಆ 3 ಟನ್ನಿಗೆ ಎಂಜಿನ್ ದೊಡ್ಡದು ಬೇಕು, ಎಂಜಿನ್ನಿಗೆ ಕೋಣೆ ದೊಡ್ಡದು, ಕೋಣೆಗೆ ಮತ್ತೆ ಕವಚ. ನಿಮ್ಮ ಕಥೆಯಲ್ಲಿ ಉಕ್ಕಿಗಿಂತ ಹಗುರವಾದ ವಸ್ತು ಇದ್ದರೆ ಇರಲಿ, ಅದು ನಿಮ್ಮ ಹಕ್ಕು. ಆದರೆ ಉಳಿಸಿದ ತೂಕವನ್ನು ಫಿರಂಗಿಗೆ ಕೊಡಬೇಡಿ, ನೆಲಕ್ಕೆ ಬಿಡಿ.

ಫಿರಂಗಿಗೆ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಶೆರಿಡನ್ ಇದೆ. 15 ಟನ್ ಆಸುಪಾಸಿನ, ಅಲ್ಯೂಮಿನಿಯಂ ಒಡಲಿನ ವಾಹನಕ್ಕೆ 152 ಮಿ.ಮೀ. ಫಿರಂಗಿ. ಗುಂಡು ಹಾರಿಸಿದಾಗ ಮುಂದಿನ ಚಕ್ರಗಳು ನೆಲ ಬಿಟ್ಟು ಏಳುತ್ತಿದ್ದವು. ಅದೇ ನಳಿಕೆಯಿಂದ ಹೋಗುವ ಕ್ಷಿಪಣಿಯ ಸೂಕ್ಷ್ಮ ಉಪಕರಣಗಳಿಗೆ ಆ ಹೊಡೆತ ತಾಳಲು ಕಷ್ಟವಾಯಿತು. ಇದರ ಎದುರು ಬ್ರಿಟನ್ನಿನ ಸ್ಕಾರ್ಪಿಯನ್ ಇಡಿ. ಸುಮಾರು 8 ಟನ್, ಜಾಗ್ವಾರ್ ಕಾರಿನ 4.2 ಲೀಟರ್ ಎಂಜಿನ್, 76 ಮಿ.ಮೀ. ಫಿರಂಗಿ, 3 ಜನ, ಒತ್ತಡ 0.36ರ ಹತ್ತಿರ. 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪದ ಜೌಗು ನೆಲದಲ್ಲಿ ಅದು ಓಡಾಡಿದ್ದು ಈ ಅಂಕಿಯ ಬಲದಿಂದ.

ನಮ್ಮದೇ ಉದಾಹರಣೆ ಇನ್ನೂ ದೊಡ್ಡದು. 1948ರ ನವೆಂಬರ್ 1ರಂದು, 11,000 ಅಡಿಗೂ ಎತ್ತರದ, ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿಲಾ ಕಣಿವೆಯಲ್ಲಿ ನಮ್ಮ ಸೇನೆಯ ಸ್ಟುವರ್ಟ್ ಹಗುರ ಟ್ಯಾಂಕುಗಳು ಕಾಣಿಸಿಕೊಂಡದ್ದು ಎದುರಾಳಿಗಳು ಎಣಿಸದೇ ಇದ್ದ ಸಂಗತಿ. ಆ ಕಾರ್ಯಾಚರಣೆಯ ಹಿಂದಿದ್ದವರು ಕೊಡಗಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ. ಸ್ಟುವರ್ಟಿನ ಫಿರಂಗಿ 37 ಮಿ.ಮೀ. ಮಾತ್ರ. ಗೋಪುರ ಬಿಚ್ಚಿ, ಗುಟ್ಟಾಗಿ ಸಾಗಿಸಿದ ಆ ಟ್ಯಾಂಕುಗಳು ಗೆದ್ದದ್ದು ಅಲ್ಲಿಗೆ ತಲುಪಿದ್ದರಿಂದ. ನಿಮ್ಮ ಕಥೆಯ ಟ್ಯಾಂಕಿಗೂ ಇಂಥ ಒಂದು ಕಣಿವೆ ಬರೆಯಿರಿ ಎಂದು ಮನಸಾರೆ ಕೇಳಿಕೊಳ್ಳಬೇಕೆನಿಸುತ್ತದೆ.

ಮೇಲಿನದೆಲ್ಲ ಸರಾಸರಿ ಒತ್ತಡದ ಅಂದಾಜು ಲೆಕ್ಕ ಎಂಬ ಎಚ್ಚರಿಕೆ ಇರಲಿ. ನಿಜದಲ್ಲಿ ಭಾರ ಚಕ್ರಗಳ ಕೆಳಗೆ ಗುಡ್ಡೆ ಕಟ್ಟುತ್ತದೆ. ಹಾಗಾಗಿ 3 ದೊಡ್ಡ ಚಕ್ರಗಳಿಗಿಂತ 5 ಅಥವಾ 6 ಚಕ್ರಗಳು ಮೆದು ನೆಲಕ್ಕೆ ವಾಸಿ.

"ನಮ್ಮ ಗ್ರಹದಲ್ಲಿ ಗುರುತ್ವ ಕಡಿಮೆ, ಆದ್ದರಿಂದ ಇದೆಲ್ಲ ಅನ್ವಯಿಸುವುದಿಲ್ಲ" ಎನ್ನುವವರಿಗೆ: ಮಂಗಳದ ಗುರುತ್ವ ಭೂಮಿಯ ಶೇ. 38ರಷ್ಟು. ಒತ್ತಡ ಇಳಿಯುತ್ತದೆ, ಸರಿ. ಆದರೆ ಸಡಿಲ ಮರಳನ್ನು ಒತ್ತಿ ಗಟ್ಟಿಯಾಗಿ ಹಿಡಿದಿಡುವುದೂ ಅದೇ ಗುರುತ್ವ, ಅದೂ ಇಳಿಯುತ್ತದೆ. ಸುಮಾರು 180 ಕಿಲೋ ತೂಕದ ಸ್ಪಿರಿಟ್ ರೋವರ್ 2009ರಲ್ಲಿ ಮಂಗಳದ ಮೆದು ಮಣ್ಣಿನಲ್ಲಿ ಹೂತು ಮತ್ತೆ ಮೇಲೆ ಬರಲಿಲ್ಲ. ಜಡತ್ವವಂತೂ ಒಂದು ಚೂರೂ ಕಡಿಮೆಯಾಗುವುದಿಲ್ಲ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬ್ರೇಕ್ ಹಾಕಿದರೆ, ಘರ್ಷಣೆಯ ಗುಣಾಂಕ 0.5 ಎಂದಿಟ್ಟುಕೊಂಡಾಗ, ಭೂಮಿಯಲ್ಲಿ ಸುಮಾರು 23 ಮೀಟರಿಗೆ ನಿಲ್ಲುವ ವಾಹನ ಮಂಗಳದಲ್ಲಿ 61 ಮೀಟರ್ ಜಾರುತ್ತದೆ. ಫಿರಂಗಿಯ ಹಿನ್ನೂಕು ಕೂಡ ಅಷ್ಟೇ ಇರುತ್ತದೆ, ಅದನ್ನು ತಡೆಯುವ ಹಿಡಿತ ಮಾತ್ರ ಕಡಿಮೆ. ದೊಡ್ಡ ಫಿರಂಗಿಗೆ ಅಲ್ಲಿ ಇನ್ನೂ ಬಲವಾದ ಅಡ್ಡಿ ಉಂಟು.

ಹೊಳೆ ದಾಟಿಸಬೇಕೆಂಬ ಆಸೆ ನಮ್ಮ ಕರಾವಳಿಯವರಿಗೆ ಸಹಜ. ನೇತ್ರಾವತಿಯಂಥದ್ದು ಅಡ್ಡ ಬಂದರೆ ಸೇತುವೆ ಹುಡುಕಿಕೊಂಡು ಹೋಗುವ ಬೇಹು ವಾಹನಕ್ಕೆ ಅರ್ಥವಿಲ್ಲ. ಆದರೆ ಲೆಕ್ಕ ಮಾಡಿ. 12 ಟನ್ ತೇಲಬೇಕಾದರೆ 12 ಘನ ಮೀಟರ್ ಸಿಹಿನೀರನ್ನು ಸರಿಸಬೇಕು. 5 ಮೀಟರ್ ಉದ್ದ, 2.5 ಮೀಟರ್ ಅಗಲದ ಒಡಲು ಪೆಟ್ಟಿಗೆಯ ಆಕಾರದಲ್ಲಿದ್ದರೂ ಸುಮಾರು 1 ಮೀಟರ್ ಮುಳುಗುತ್ತದೆ. ಅದರ ಮೇಲೆ ಅಲೆಗೆ ಕನಿಷ್ಠ 40 ಸೆಂ.ಮೀ. ಬಿಡಿ. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ, 14 ಟನ್ನಿನ, ನೀರಿನಲ್ಲಿ ತೇಲುವ ಸೋವಿಯತ್ ಟ್ಯಾಂಕ್ ಪಿಟಿ-76ರ ಒಡಲು ಅಷ್ಟು ದೊಡ್ಡದಾಗಿ, ಕವಚ ಅಷ್ಟು ತೆಳ್ಳಗಾಗಿ ಇರುವುದಕ್ಕೆ ಇದೇ ಕಾರಣ. ಗುರುತ್ವ ಬದಲಾದರೂ ಮುಳುಗುವ ಆಳ ಬದಲಾಗುವುದಿಲ್ಲ, ಯಾಕೆಂದರೆ ನೀರಿನ ತೂಕವೂ ಅಷ್ಟೇ ಇಳಿಯುತ್ತದೆ.

ನೋಡುವ ಸಾಧನಕ್ಕೆ ಎತ್ತರ ಬೇಕು, ವಾಹನಕ್ಕೆ ಬೇಡ. ಎತ್ತಿ ಇಳಿಸುವ ಕಂಬ ಇಡಿ. ಭೂಮಿಯಲ್ಲಿ 2.2 ಮೀಟರ್ ಎತ್ತರದ ಕಣ್ಣಿಗೆ ದಿಗಂತ ಸುಮಾರು 5.3 ಕಿ.ಮೀ., 8 ಮೀಟರ್ ಕಂಬದಿಂದ 10 ಕಿ.ಮೀ. ಗ್ರಹ ಚಿಕ್ಕದಾದರೆ ದಿಗಂತ ಹತ್ತಿರ ಬರುತ್ತದೆ. ಮಂಗಳದಲ್ಲಿ ಅದೇ ಕಂಬಕ್ಕೆ 7.4 ಕಿ.ಮೀ. ಗುಡ್ಡೆಯ ಹಿಂದೆ ಒಡಲು ಅಡಗಿಸಿ ಕಂಬ ಮಾತ್ರ ಎತ್ತುವಂತಿದ್ದರೆ ಅರ್ಧ ಕೆಲಸ ಮುಗಿಯಿತು. ಗುಡ್ಡೆಯ ಅಂಚಿನಿಂದ ಗುಂಡು ಹಾರಿಸಬೇಕಾದರೆ ನಳಿಕೆ 10 ಡಿಗ್ರಿ ಕೆಳಗೆ ಬಾಗಬೇಕು. ಆಗ ತಿರುಗಣೆಯಿಂದ (ನಳಿಕೆ ಮೇಲೆ ಕೆಳಗೆ ಬಾಗುವ ಕೀಲಿನಿಂದ) 1.2 ಮೀಟರ್ ಹಿಂದಿರುವ ಫಿರಂಗಿಯ ಹಿಂತುದಿ ಸುಮಾರು 21 ಸೆಂ.ಮೀ. ಮೇಲೇಳುತ್ತದೆ. ಚಪ್ಪಟೆ ಗೋಪುರ ಬರೆಯುವವರ ಚಿತ್ರದಲ್ಲಿ ಅದು ಛಾವಣಿಗೆ ಬಡಿಯುತ್ತದೆ.

ಬ್ಯಾಟರಿ ಎನ್ನುವವರಿಗೆ ಒಂದು ಅಂದಾಜು: 12 ಟನ್ ವಾಹನ ಮೆದು ನೆಲದಲ್ಲಿ 100 ಕಿ.ಮೀ. ಹೋಗಲು ಸುಮಾರು 440 ಯೂನಿಟ್ ವಿದ್ಯುತ್ ಬೇಕಾದೀತು. ಇಂದಿನ ಬ್ಯಾಟರಿಯಲ್ಲಿ ಅದು 2 ಟನ್ನಿಗೂ ಮೇಲೆ. ಎಂಜಿನ್ ಜೊತೆಗೆ ಸಣ್ಣ ಬ್ಯಾಟರಿ ಇಟ್ಟು, ನಿಂತು ನೋಡುವಾಗ ಮಾತ್ರ ಅದನ್ನು ಬಳಸುವುದು ಒಳ್ಳೆಯದು. ಶಾಖವೂ ಇಲ್ಲ, ಸದ್ದೂ ಇಲ್ಲ.

ಕೊನೆಗೆ ಎಲ್ಲರೂ ಮರೆಯುವ ತೂಕ: 3 ಜನ, ಅವರ 3 ದಿನದ ನೀರು, ಊಟ, ವಾಹನವನ್ನು ಮರೆಮಾಡುವ ಬಲೆ, ಸರಪಳಿ, ಬಿಡಿ ಟ್ರ್ಯಾಕ್ ಕೊಂಡಿಗಳು, ಎಳೆಯುವ ಹಗ್ಗ, ರೇಡಿಯೋ. ಚಿತ್ರದ ಹೊರಮೈಯಲ್ಲಿ ಇವುಗಳಿಗೆ ಕೊಕ್ಕೆ, ಬುಟ್ಟಿ ಬರೆಯಿರಿ. 12 ಟನ್ನಿನ ಲೆಕ್ಕದಲ್ಲಿ 700 ಕಿಲೋ ಇದಕ್ಕೆಂದೇ ಮೊದಲೇ ತೆಗೆದಿಡಿ, ಫಿರಂಗಿಯನ್ನು ಉಳಿದ ತೂಕದೊಳಗೆ ಆರಿಸಿ.