ಆಳು ಸಿಗದ ಊರಿನ ನೂರು ವರ್ಷ

ಶಿವಮೊಗ್ಗದಲ್ಲಿ ಮನೆ ಕಟ್ಟಿಸುತ್ತಿರುವ ಯಾರನ್ನಾದರೂ ಮಾತಾಡಿಸಿ ನೋಡಿ. ಸಿಮೆಂಟಿನ ರೇಟು, ಮರಳಿನ ತಾಪತ್ರಯ ಎಲ್ಲ ಆಮೇಲೆ. ಮೊದಲು ಬರುವ ಮಾತು ‘ಆಳು ಸಿಗಲ್ಲ ಮಾರಾಯ್ರೆ’. ಮೇಸ್ತ್ರಿ ಬಂದರೆ ಕೈಯಾಳು ಇರುವುದಿಲ್ಲ, ಕೈಯಾಳು ಬಂದ ದಿನ ಸೆಂಟ್ರಿಂಗಿನವನು ನಾಪತ್ತೆ. ರಸ್ತೆ, ಸೇತುವೆ ಗುತ್ತಿಗೆ ಹಿಡಿದವರ ಗೋಳು ಇನ್ನೊಂದು ಬಗೆಯದು. ಸಾಲ ಮಾಡಿ ತಂದ ಜೆಸಿಬಿ, ಹಿಟಾಚಿ ಶೆಡ್ಡಿನ ಮುಂದೆ ನಿಂತೇ ಇರುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಹಬ್ಬಕ್ಕೆಂದು ಊರಿಗೆ ಹೋದ ಆಪರೇಟರ್ ಫೋನು ತೆಗೆಯುತ್ತಿಲ್ಲ.

ಈ ಗೋಳಿಗೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ವಿವರಣೆ ಇದೆ: ಪುಕ್ಕಟೆ ಅಕ್ಕಿ ಬಂತು, ಜನ ಸೋಮಾರಿಗಳಾದರು. ಅಡಿಕೆ ಮಂಡಿಯಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಅನ್ನಭಾಗ್ಯ ಶುರುವಾದದ್ದು 2013ರಲ್ಲಿ. ಮಲೆನಾಡಿನ ಆಳಿನ ಬರ ಅದಕ್ಕಿಂತ ನೂರು ವರ್ಷವಾದರೂ ಹಳೆಯದು. ಹಾಗಾಗಿ ಅಕ್ಕಿಯ ಮೇಲೆ ಗೂಬೆ ಕೂರಿಸುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗುವುದು ಒಳ್ಳೆಯದು.

ಆಗ ಇಲ್ಲಿ ಜನವೇ ಕಡಿಮೆ. ಕಾರಣ ಮಲೇರಿಯಾ. ಚಳಿಜ್ವರಕ್ಕೆ ಮನೆಗೆ ಮನೆಯೇ ಬಾಗಿಲು ಹಾಕಿದ ಕತೆಗಳನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳಬರು ತಮ್ಮ ಹಿರಿಯರಿಂದ ಕೇಳಿಕೊಂಡು ಬಂದಿದ್ದಾರೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಉಳಿದ ಕಡೆ ಜನ ಹೆಚ್ಚುತ್ತಿದ್ದರೆ, ಮಲೆನಾಡಿನ ಹಲವು ತಾಲ್ಲೂಕುಗಳಲ್ಲಿ ಇಳಿಯುತ್ತಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–18) ಮಲೆನಾಡಿನ ಸುಧಾರಣೆಗೆಂದೇ ಬೇರೆ ಯೋಜನೆ ಮಾಡಬೇಕಾಯಿತು. ತೋಟದ ಕೆಲಸಕ್ಕೆ ಕುಂದಾಪುರದ ಕಡೆಯಿಂದ ಆಳುಗಳು ಘಟ್ಟ ಹತ್ತಿ ಬಂದು, ಮಳೆ ಹಿಡಿಯುವ ಮುಂಚೆ ಇಳಿದು ಹೋಗುತ್ತಿದ್ದರು.

ಇಂಥ ಸೀಮೆಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಂತು. 1918ರಲ್ಲಿ ಕೆಲಸ ಶುರು, 1923ರಲ್ಲಿ ಉತ್ಪಾದನೆ. ಕೆಮ್ಮಣ್ಣುಗುಂಡಿಯಿಂದ ಅದಿರು ಇಳಿಸಬೇಕು, ಕಾಡಿನ ಮರ ಕಡಿದು ಇದ್ದಿಲು ಮಾಡಬೇಕು, ಕುಲುಮೆ ಕಾಯಬೇಕು. ಅಷ್ಟಕ್ಕೆ ಸುತ್ತಲ ಹಳ್ಳಿಗಳ ಜನ ಎಲ್ಲಿ ಸಾಲಬೇಕು? ದೊಡ್ಡ ಸಂಖ್ಯೆಯಲ್ಲಿ ತಮಿಳು ಸೀಮೆಯ ಕೂಲಿಗಳು ಬಂದರು. ಇವತ್ತಿಗೂ ಭದ್ರಾವತಿಯ ಪೇಟೆಯಲ್ಲಿ ಕನ್ನಡದಷ್ಟೇ ಸಲೀಸಾಗಿ ತಮಿಳು ಕಿವಿಗೆ ಬೀಳುವುದಕ್ಕೆ ಮೂಲ ಅಲ್ಲಿದೆ.

ಆಮೇಲೆ ಅಣೆಕಟ್ಟುಗಳ ಕಾಲ. ಹಿರೇಭಾಸ್ಕರ, ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರ ಹೊತ್ತಿಗೆ ಮುಗಿದವು. ಲಕ್ಕವಳ್ಳಿಯ ಭದ್ರಾ, ಗಾಜನೂರಿನ ತುಂಗಾ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ, ಮುಂದೆ ಹೊಸನಗರದ ಕಡೆ ಮಾಣಿ, ಚಕ್ರಾ, ಸಾವೇಹಕ್ಕಲು. ಡಿಡಿಟಿ ಬಂದು ಮಲೇರಿಯಾ ಇಳಿದದ್ದೂ ಈ ಅವಧಿಯಲ್ಲೇ. ಅದಿಲ್ಲದಿದ್ದರೆ ಲಿಂಗನಮಕ್ಕಿ ಪಕ್ಕದ ಕಾರ್ಗಲ್ಲಿನಂಥ ಜಾಗದಲ್ಲಿ ಅಷ್ಟು ಜನರನ್ನು ಗುಡಿಸಲಿನಲ್ಲಿಟ್ಟು ವರ್ಷಗಟ್ಟಲೆ ದುಡಿಸುವುದು ಕಷ್ಟವಿತ್ತು. ಅಲ್ಲಿಗೆ ಬಂದವರು ತಮಿಳರು, ಮಲಯಾಳಿಗಳು, ತೆಲುಗರು, ಬಯಲುಸೀಮೆಯ ವಡ್ಡರು, ಅಂದರೆ ಭೋವಿಗಳು. ಕಲ್ಲು ಒಡೆಯುವುದು, ಮಣ್ಣು ಅಗೆಯುವುದು ಭೋವಿ ಸಮುದಾಯದ ತಲೆಮಾರಿನ ಕಸುಬು. ಕರ್ನಾಟಕದ ಎಷ್ಟೋ ಕೆರೆ, ಕಾಲುವೆ, ಕಟ್ಟೆಗಳ ಹಿಂದೆ ಇವರ ಗುದ್ದಲಿ, ಸುತ್ತಿಗೆಗಳಿವೆ. ಅಗೆದ ಗುಂಡಿಯ ನಡುವೆ ಅಳತೆಗೆಂದು ಒಂದು ಮಣ್ಣಿನ ಕಂಬ ಬಿಟ್ಟು, ಅದರ ಎತ್ತರ ನೋಡಿ ಎಷ್ಟು ಮಣ್ಣು ಎತ್ತಿದರೆಂದು ಲೆಕ್ಕ ಹಾಕಿ, ವಾರಕ್ಕೊಮ್ಮೆ ಬಟವಾಡೆ. ಗಂಡ ಅಗೆಯುವುದು, ಹೆಂಡತಿ ಬುಟ್ಟಿ ಹೊರುವುದು, ಮಗು ಮರದ ಜೋಳಿಗೆಯಲ್ಲಿ. ಕೂಲಿ ಲೆಕ್ಕ ಬರುತ್ತಿದ್ದದ್ದು ಮಾತ್ರ ಗಂಡನ ಹೆಸರಿಗೆ.

ಕಾಮಗಾರಿ ಮುಗಿದ ಮೇಲೆ ಇವರಲ್ಲಿ ಅನೇಕರು ಇಲ್ಲೇ ಉಳಿದರು. ಲಕ್ಕವಳ್ಳಿ ಬಳಿಯ ಊರೊಂದಕ್ಕೆ ಭದ್ರಾ ಜಲಾಶಯ ಯೋಜನೆಯ ಹೆಸರೇ ನಿಂತುಹೋಗಿದೆ, ಬಿ.ಆರ್. ಪ್ರಾಜೆಕ್ಟ್ ಎಂದು. ಅವರ ಮಕ್ಕಳು ಮೊಮ್ಮಕ್ಕಳು ಶಾಲೆಗೆ ಹೋದರು, ಲೈನ್‌ಮನ್ನರಾದರು, ಅಂಗಡಿ ಇಟ್ಟರು. ಅಜ್ಜನ ಗುದ್ದಲಿ ಮೊಮ್ಮಗನ ಕೈಗೆ ಬರಲಿಲ್ಲ. ಬರಬೇಕಿತ್ತು ಎಂದು ಯಾರೂ ಬಯಸುವಂತೆಯೂ ಇಲ್ಲ.

ಇದು ಹೊರಗಿನಿಂದ ಬಂದ ಆಳಿನ ಕತೆಯಾಯಿತು. ಊರೊಳಗಿನ ಆಳಿನ ಕತೆ ಬೇರೆ, ಅದನ್ನು ಹೇಳುವಾಗ ನಮ್ಮ ಕಡೆಯವರು ಸಾಮಾನ್ಯವಾಗಿ ದನಿ ತಗ್ಗಿಸುತ್ತಾರೆ. ‘ಮೊದಲೆಲ್ಲ ಕರೆದರೆ ಹತ್ತು ಜನ ಬರುತ್ತಿದ್ದರು’ ಎಂಬ ನೆನಪು ಸುಳ್ಳಲ್ಲ. ಯಾಕೆ ಬರುತ್ತಿದ್ದರು ಎಂಬುದು ಪ್ರಶ್ನೆ. ಮದುವೆಗೋ ಕಾಯಿಲೆಗೋ ಒಡೆಯರ ಮನೆಯಲ್ಲಿ ತೆಗೆದುಕೊಂಡ ಸಾಲ, ಅದು ತೀರುವವರೆಗೆ ದುಡಿಮೆ, ತೀರದಿದ್ದರೆ ಮಗನ ದುಡಿಮೆ. ಗೇಣಿದಾರನಿಗೆ ಭೂಮಿ ಕೈತಪ್ಪುವ ಭಯ, ಹಾಗಾಗಿ ಒಡೆಯರ ಮನೆಗೆ ಮಾಡು ಹೊದೆಸಲು, ಅಗಳ (ಕಂದಕ) ತೆಗೆಯಲು ಕರೆ ಬಂದರೆ ಹೋಗಲೇಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ತಕರಾರು ಸತ್ಯಾಗ್ರಹವಾಗಿ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗುವ ಮಟ್ಟಕ್ಕೆ ಬೆಳೆದದ್ದು ಈ ಹಿನ್ನೆಲೆಯಲ್ಲಿ. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. 1976ರಲ್ಲಿ ಜೀತ ನಿರ್ಮೂಲನಾ ಕಾಯ್ದೆ. ಎರಡೂ ಸೇರಿ ಮಾಡಿದ ಕೆಲಸ ದೊಡ್ಡದು. ‘ನಾಳೆ ಬರುವುದಿಲ್ಲ’ ಎಂದು ಹೇಳುವ ಹಕ್ಕು ಕೂಲಿಯವನಿಗೆ ಮೊದಲ ಬಾರಿಗೆ ಸಿಕ್ಕಿತು. ಆಳು ಸಿಗುತ್ತಿಲ್ಲ ಎಂಬ ದೂರಿನ ಬೇರು ಹುಡುಕುತ್ತ ಹೋದರೆ ನನಗೆ ಕಾಣುವುದು ಆ ವರ್ಷಗಳು.

ಆ ಮನೆಗಳ ಹುಡುಗರು ಈಗ ಏನು ಮಾಡುತ್ತಿದ್ದಾರೆ? ಓದಿದವರು ಸರಿ, ಹೋದರು. ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದವರೂ ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ, ಡೆಲಿವರಿ, ಹೋಟೆಲು ಎಂದು ದುಡಿಯುತ್ತಾರೆ. ರೂಮಿನ ಬಾಡಿಗೆ, ಊಟ ಕಳೆದರೆ ಅಲ್ಲಿ ಉಳಿಯುವುದು ಇಲ್ಲಿನ ಗಾರೆ ಕೆಲಸದವನ ಗಳಿಕೆಗಿಂತ ಕಡಿಮೆಯೇ ಇರಬಹುದು. ಆದರೂ ಹೋಗುತ್ತಾರೆ. ಬೆಂಗಳೂರಿನಲ್ಲಿ ಏನು ಹೊತ್ತರೂ ನೋಡುವವರಿಲ್ಲ. ಊರಿನಲ್ಲಿ ಜಲ್ಲಿ ಬುಟ್ಟಿ ಹೊತ್ತರೆ, ಅಪ್ಪ ಯಾರ ಮನೆಯಲ್ಲಿ ಹೊತ್ತಿದ್ದನೋ ಅದೇ ಮನೆಯವರು ಕಟ್ಟೆಯ ಮೇಲೆ ಕೂತು ಏಕವಚನದಲ್ಲಿ ಕರೆಯುತ್ತಾರೆ. ಕೂಲಿ ಹೆಚ್ಚಿಸಿದರೆ ಆಳು ಬಂದೇ ಬರುತ್ತಾರೆ ಎನ್ನುವವರು ಲೆಕ್ಕಕ್ಕೆ ಹಿಡಿಯದ ಸಂಗತಿ ಇದು. ಕೂಲಿ ಏರಿದೆ, ಕರೆಯುವ ರೀತಿ ಅಷ್ಟು ಬದಲಾಗಿಲ್ಲ.

ಇನ್ನೊಂದು ತೊಡಕು ಕ್ಯಾಲೆಂಡರಿನದು, ಬಯಲುಸೀಮೆಯವರಿಗೆ ಇದು ಬೇಗ ಅರ್ಥವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಾಯ ತೆಗೆದರೆ ಅದು ಬಾವಿಯಾಗುತ್ತದೆ, ಗುಡ್ಡ ಕಡಿದರೆ ಧರೆ, ಅಂದರೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ, ಕುಸಿಯುತ್ತದೆ. ಆಗುಂಬೆ, ಹುಲಿಕಲ್ಲಿನ ಕಡೆಯಂತೂ ಮಣ್ಣಿನ ಕೆಲಸದ ಮಾತೇ ಇಲ್ಲ. ಮಳೆ ಬಿಟ್ಟು ನೆಲ ಗಟ್ಟಿಯಾಗಿ ಕಾಮಗಾರಿ ಶುರುವಾಗುವ ಹೊತ್ತಿಗೆ ಅಡಿಕೆ ಕೊಯ್ಲು ಬಂದಿರುತ್ತದೆ, ಬೆನ್ನಿಗೇ ಗದ್ದೆ ಕೊಯ್ಲು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರನಿಗೆ ಮನೆ ಬಾಗಿಲಿಗೆ ಬೈಕು ಕಳಿಸುವ ಕಾಲ ಅದು. ಹೆಂಗಸರು ಜಗಲಿಯ ನೆರಳಲ್ಲಿ ಕೂತು ಅಡಿಕೆ ಸುಲಿದರೆ ಡಬ್ಬದ ಲೆಕ್ಕದಲ್ಲಿ ದುಡ್ಡು, ನಡುವೆ ಚಹಾ, ಮಾತು. ಆರ್‌ಸಿಸಿ ಹಾಕುವ ದಿನ ಬಿಸಿಲಲ್ಲಿ ಕಾಂಕ್ರೀಟ್ ಬಾಂಡ್ಲಿ ಹೊರಲು ಅವರು ಯಾಕೆ ಬರಬೇಕು? ಅದೂ ಗಂಡಾಳಿಗಿಂತ ಕಡಿಮೆ ಕೂಲಿಗೆ, ಮತ್ತು ಹತ್ತು ವರ್ಷ ಹೊತ್ತರೂ ಹೆಣ್ಣಾಳು ಮೇಸ್ತ್ರಿಯಾಗದ ಕಸುಬಿಗೆ? ಗುತ್ತಿಗೆದಾರರಿಗೆ ಬೇಕಾದ ಆರೇಳು ತಿಂಗಳಲ್ಲಿ ಅರ್ಧ ತೋಟಕ್ಕೆ ಹೋಯಿತು. ಮಿಕ್ಕ ಅರ್ಧದಲ್ಲಿ ಶುಂಠಿ ಕೀಳುವವರ ಪೈಪೋಟಿ. ಮಳೆಗಾಲದಲ್ಲಿ ಆಳು ಖಾಲಿ ಇರುವಾಗ ಗುತ್ತಿಗೆದಾರನ ಬಳಿ ಕೆಲಸವಿಲ್ಲ. ವರ್ಷದಲ್ಲಿ ಅರ್ಧ ಕಾಲ ಮಾತ್ರ ಅನ್ನ ಹಾಕುವ ಕಸುಬನ್ನು ನಂಬಿ ಯಾವ ಹುಡುಗ ಗಾರೆ ಕಲಿಯುತ್ತಾನೆ?

ವಿಚಿತ್ರವೆಂದರೆ ಇದೇ ಜಿಲ್ಲೆಯಿಂದ ಆಳು ಹೊರಗೂ ಹೋಗುತ್ತಾರೆ. ಶಿಕಾರಿಪುರದ ಕಡೆಯ ಲಂಬಾಣಿ ತಾಂಡಾಗಳ ಕುಟುಂಬಗಳು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯುವ ಸೀಮೆಗಳಿಗೆ ಗುಳೆ ಹೋಗುವುದು ಹಳೆಯ ಪರಿಪಾಠ. ಅಲ್ಲಿ ಇಡೀ ಕುಟುಂಬಕ್ಕೆ ಇರಲು ಲೈನು ಮನೆ, ತಿಂಗಳುಗಟ್ಟಲೆ ಖಚಿತ ಕೆಲಸ, ಮೊದಲೇ ಕೈಗೆ ಬರುವ ಮುಂಗಡ. ಶಿವಮೊಗ್ಗದ ಬಡಾವಣೆಯೊಂದರ ಕಟ್ಟಡದವರು ಕೊಡುವುದು ದಿನದ ಲೆಕ್ಕ, ಇರುವುದಕ್ಕೆ ಸಿಮೆಂಟ್ ಮೂಟೆಗಳ ಪಕ್ಕದ ಜಾಗ.

ಯಂತ್ರ ಬಂದರೆ ಆಳಿನ ಗೊಡವೆಯೇ ತಪ್ಪುತ್ತದೆ ಎಂದುಕೊಂಡ ಕಾಲವೂ ಒಂದಿತ್ತು. ಜೆಸಿಬಿ ಕಂಪನಿ ಭಾರತದಲ್ಲಿ ಕಾಲಿಟ್ಟದ್ದು 1979ರಲ್ಲಿ. ನಮ್ಮ ಹಳ್ಳಿಗಳಲ್ಲಿ ಅದು ಮನೆಮಾತಾದದ್ದು ಬಹಳ ತಡವಾಗಿ, ಕಂತಿನ ಸಾಲ ಸುಲಭವಾದ ಮೇಲೆ. ಹತ್ತು ಜನ ಮೂರು ದಿನ ತೆಗೆಯುವ ಅಗಳವನ್ನು ಅದು ಊಟದ ಹೊತ್ತಿಗೆ ಮುಗಿಸಿತು. ಮಣ್ಣು ಅಗೆಯುವವರ ಕಸುಬು ಅಲ್ಲಿಗೆ ಹೋಯಿತು. ಗುತ್ತಿಗೆದಾರನಿಗೂ ಯಂತ್ರಕ್ಕೂ ಜಾಗವಿಲ್ಲ ಎಂದು ನಿಯಮ ಮಾಡಿದ ನರೇಗಾ ಉದ್ಯೋಗ ಖಾತ್ರಿ ಯೋಜನೆಯಲ್ಲೂ ರಾತ್ರಿ ಜೆಸಿಬಿ ಓಡಿತೆಂಬ ದೂರುಗಳು ಬಂದವು. ಆದರೆ ಹತ್ತು ಜನರ ಬದಲು ಒಬ್ಬನೇ ಸಾಕಾದಾಗ ಆ ಒಬ್ಬ ಸಿಗದಿದ್ದರೆ ಇಡೀ ಕೆಲಸ ನಿಂತಿತು.

ಆ ಒಬ್ಬನನ್ನು ತಯಾರು ಮಾಡುವ ವ್ಯವಸ್ಥೆ ಎಂಬುದು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೆಲ್ಪರ್ ಆಗಿ ಸೇರು, ಗ್ರೀಸು ಹೊಡಿ, ಡೀಸೆಲ್ ಹಾಕು, ಆಪರೇಟರ್ ಊಟಕ್ಕೆ ಇಳಿದಾಗ ಲಿವರು ಹಿಡಿದು ನೋಡು. ಒಂದೆರಡು ವರ್ಷದಲ್ಲಿ ಕೈ ಪಳಗಿದರೆ ನೀನೂ ಆಪರೇಟರ್. ಕ್ಲೀನರ್ ಆಗಿ ಸೇರಿ ಲಾರಿ ಕಲಿತ ಹಳೆಯ ದಾರಿಯೇ ಇದು. ಬಯಲಿನಲ್ಲಿ ಇದು ನಡೆಯಬಹುದು. ಧರೆಯ ಅಂಚಿನಲ್ಲಿ, ಜಾರುವ ಕೆಮ್ಮಣ್ಣಿನ ಇಳಿಜಾರಿನಲ್ಲಿ ಹದಿನೈದು ಇಪ್ಪತ್ತು ಟನ್ನಿನ ಹಿಟಾಚಿ ನಿಲ್ಲಿಸಿಕೊಂಡು ತಲೆಯ ಮೇಲಿನ ಮಣ್ಣು ಕೆಡವುವುದಕ್ಕೆ ಇಷ್ಟು ಸಾಲದು. ಜೆಸಿಬಿ ಹತ್ತಲು ಆಸೆಪಡುವ ಹುಡುಗರಿಗೆ ನಮ್ಮಲ್ಲಿ ಕೊರತೆ ಏನಿಲ್ಲ, ಬುಟ್ಟಿ ಹೊರುವುದಕ್ಕಿರುವ ನಾಚಿಕೆ ಇದಕ್ಕಿಲ್ಲ. ಕೈ ಪಳಗಿದ ಕೂಡಲೇ ಅವರು ಹೆದ್ದಾರಿ ಕಂಪನಿಗೋ ಗಣಿಗೋ ಹೋಗುತ್ತಾರೆ. ಅಲ್ಲಿ ಸಂಬಳದ ಜೊತೆ ಬಾಟಾ (ದಿನದ ಭತ್ಯೆ), ಮಳೆಗಾಲದಲ್ಲೂ ಕೆಲಸ. ಊರಿನ ಸಣ್ಣ ಮಾಲೀಕ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವವನು, ಯಂತ್ರ ನಿಂತ ದಿನ ಬಾಟಾ ಕೊಡಲಾರ.

ತೆರವಾದ ಜಾಗ ತುಂಬಿದವರು ಮೊದಲು ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯವರು. ಆಮೇಲೆ ಬಿಹಾರ, ಜಾರ್ಖಂಡ್, ಬಂಗಾಳ, ಅಸ್ಸಾಮಿನವರು. ಎಲ್ಲರಿಗೂ ಸೇರಿ ನಮ್ಮವರು ಇಟ್ಟ ಹೆಸರು ‘ಹಿಂದಿಯವರು’. ಮುಂಗಡದ ಪದ್ಧತಿ ಇವರ ಜೊತೆಗೂ ಇದೆ, ಆದರೆ ತಿರುಗಾಮುರುಗಾ ಆಗಿದೆ. ಹಿಂದೆ ಮುಂಗಡ ಕೊಟ್ಟವನು ಆಳನ್ನು ಹಿಡಿದಿಡುತ್ತಿದ್ದ. ಈಗ ಮುಂಗಡ ಕೊಟ್ಟ ಗುತ್ತಿಗೆದಾರನೇ ಗ್ಯಾಂಗಿನ ಠೇಕೇದಾರನ ಫೋನಿಗೆ ಕಾಯುತ್ತ ಕೂರುತ್ತಾನೆ. ಕಾಯುವುದು ಬೇಡವೆನ್ನಿಸಿದಾಗ ಬಲವಂತಕ್ಕೂ ಕೈ ಹಾಕಿದ್ದುಂಟು. 2020ರ ಮೇ ತಿಂಗಳ ಲಾಕ್‌ಡೌನಿನಲ್ಲಿ, ಶಿಕಾರಿಪುರದವರೇ ಆದ ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ, ಬಿಲ್ಡರುಗಳ ಜೊತೆ ಸಭೆಯಾದ ಬೆನ್ನಲ್ಲೇ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳಿಗೆ ಮಾಡಿದ್ದ ಕೋರಿಕೆಯನ್ನು ಹಿಂತೆಗೆದುಕೊಂಡಿತು. ದೇಶದೆಲ್ಲೆಡೆ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ನಿರ್ಧಾರ ಬದಲಾಯಿತು. ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ 2007ರಿಂದ ಇದೆ. ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಅದಕ್ಕೆ ಹೋಗುತ್ತದೆ. ಮಂಡಳಿಯ ಕಾರ್ಡು ಬೇಕೆಂದರೆ ಹಿಂದಿನ ವರ್ಷದಲ್ಲಿ 90 ದಿನ ದುಡಿದ ದಾಖಲೆ ತೋರಿಸಬೇಕು. ಮೂರು ತಿಂಗಳಿಗೊಮ್ಮೆ ಸೈಟು ಬದಲಿಸುವ, ಕನ್ನಡ ಓದಲಾರದ ಹುಡುಗನಿಗೆ ಆ ದಾಖಲೆ ಬರೆದುಕೊಡುವವರು ಯಾರು?

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಪಕ್ಕದ ಹುಣಸೋಡಿನಲ್ಲಿ ಕಲ್ಲು ಗಣಿಗಾರಿಕೆಯ ಸ್ಫೋಟಕ ತುಂಬಿದ್ದ ವಾಹನ ಸಿಡಿದು, ನಡುಕ ಊರೂರಿಗೆ ತಲುಪಿತು. ಸತ್ತವರು ಬಿಹಾರದ ಕೂಲಿಗಳು ಎಂದು ಮೊದಲು ಸುದ್ದಿಯಾಯಿತು. ಗುರುತು ಹತ್ತಿದಾಗ ಅವರಲ್ಲಿ ಭದ್ರಾವತಿ ಕಡೆಯ ಹುಡುಗರೂ ಇದ್ದರು. ಅಪಾಯದ ಕೆಲಸ ಎಂದರೆ ಹೊರಗಿನವರೇ ಮಾಡುತ್ತಾರೆ ಎಂದು ನಾವು ಎಷ್ಟು ಸಹಜವಾಗಿ ಒಪ್ಪಿಕೊಂಡಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಳೆದ ಕೆಲವು ವರ್ಷಗಳಲ್ಲಿ ಇಲ್ಲಿ ಕಾಮಗಾರಿಗಳು ಒಟ್ಟೊಟ್ಟಿಗೆ ಬಂದವು: ತುಮಕೂರು ಹೆದ್ದಾರಿಯ ಅಗಲೀಕರಣ, 2025ರ ಜುಲೈ 14ರಂದು ಉದ್ಘಾಟನೆಯಾದ, ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಸೋಗಾನೆಯ ವಿಮಾನ ನಿಲ್ದಾಣ. 3.2 ಕಿ.ಮೀ. ರನ್‌ವೇಯ ಆ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಭದ್ರಾವತಿಯ ಅದೇ ಹಳೆಯ ಕಬ್ಬಿಣದ ಕಾರ್ಖಾನೆಯನ್ನು, ಈಗಿನ ವಿಐಎಸ್ಎಲ್ ಅನ್ನು, ಮುಚ್ಚುವ ತೀರ್ಮಾನ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದರು. ವೆಲ್ಡಿಂಗು, ಕ್ರೇನು, ಫಿಟ್ಟಿಂಗು ಬಲ್ಲ ಕೈಗಳು. ಭದ್ರಾವತಿಯದೇ ಕಾಗದ ಕಾರ್ಖಾನೆ ನಿಂತು ಮನೆಗೆ ಬಂದಿದ್ದವರು ಅದಾಗಲೇ ಊರಲ್ಲಿದ್ದರು. ಇಷ್ಟು ಜನ ಪಕ್ಕದಲ್ಲೇ ಇರುವಾಗ ಕಟ್ಟಡದವರಿಗೆ, ಯಂತ್ರದವರಿಗೆ ಆಳು ಇಲ್ಲ ಎಂದರೆ ಹೇಗೆ? ಧರಣಿ ಕೂತವರು ಬೇಡುತ್ತಿದ್ದದ್ದು ಕಾರ್ಖಾನೆ ಉಳಿಯಲಿ, ತಿಂಗಳು ಪೂರ್ತಿ ಕೆಲಸ ಸಿಗಲಿ, ಪಿಎಫ್, ಇಎಸ್ಐ ಮುಂದುವರಿಯಲಿ ಎಂದು. ಮಳೆ ಬಂದರೆ ರಜೆ, ಬಿದ್ದರೆ ಆಸ್ಪತ್ರೆಯ ಖರ್ಚು ನಿಮ್ಮದೇ ಎನ್ನುವ ಸೈಟಿನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.