ಕಡಲ ಗಾಳಿಯಲ್ಲಿ ಹಳೆಯ ಕತ್ತಿ

1976ರಲ್ಲಿ ನೌಕಾಪಡೆಯನ್ನು ಸೇರಿ 2005ರಲ್ಲಿ ಸೇವೆಯಿಂದ ನಿವೃತ್ತವಾದ ಐಎನ್‌ಎಸ್ ಚಾಪೆಲ್ ಇಂದು ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಆಗಾಗ ಬಣ್ಣ ಬಳಿಯುತ್ತಿದ್ದರೆ ಕಬ್ಬಿಣಕ್ಕೆ ಏನೂ ಆಗದು ಎಂಬ ನಂಬಿಕೆ ಇಂಥ ಹಡಗಿನ ಮಟ್ಟಿಗೆ ತಕ್ಕಮಟ್ಟಿಗೆ ಸರಿ. ಉಗ್ರಾಣದಲ್ಲಿಟ್ಟ ಹಳೆಯ ಕತ್ತಿಗೋ ಫಿರಂಗಿ ಗುಂಡಿಗೋ ಅದನ್ನೇ ಅನ್ವಯಿಸುವುದು ಅಪಾಯ, ಏಕೆಂದರೆ ಅವುಗಳ ತುಕ್ಕಿನ ಪದರಗಳೊಳಗೆ ಉಪ್ಪು ಆಗಲೇ ಮನೆಮಾಡಿರುತ್ತದೆ.

ಆಷಾಢದಲ್ಲಿ ಭರಣಿಯ ಹರಳುಪ್ಪು ನೀರೊಡೆಯುವುದನ್ನು ಕರಾವಳಿಯವರೆಲ್ಲ ಬಲ್ಲರು. ಶುದ್ಧ ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪು, ಹೀಗೆ ಗಾಳಿಯ ತೇವ ಹೀರಿ ಕರಗಲು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 75 ಇರಬೇಕು. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಸುಮಾರು ಶೇ 33 ಸಾಕು. ಹಾಗಾಗಿ ಒಂದು ಹನಿ ನೀರೂ ತಾಗದ ಕತ್ತಿಯ ಮೇಲೆಯೂ ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆ ಹುಟ್ಟಿಕೊಳ್ಳುತ್ತದೆ. ಅದರಲ್ಲಿನ ಕ್ಲೋರೈಡ್ ಕಬ್ಬಿಣದೊಡನೆ ಕೂಡಿ ಕಬ್ಬಿಣದ ಕ್ಲೋರೈಡ್ ಆಗುತ್ತದೆ. ಅದು ಗಾಳಿಯ ಆಮ್ಲಜನಕ ಮತ್ತು ತೇವದೊಡನೆ ವರ್ತಿಸಿ ತುಕ್ಕಾಗಿ ಕೂರುವಾಗ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟುಕೊಡುತ್ತದೆ. ಆ ಆಮ್ಲ ಹೊಸ ಕಬ್ಬಿಣವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡ್, ಮತ್ತೆ ತುಕ್ಕು. ಈ ಸುತ್ತಿನಲ್ಲಿ ಕ್ಲೋರೈಡ್ ಬಹುಮಟ್ಟಿಗೆ ಖರ್ಚಾಗುವುದೇ ಇಲ್ಲ. ಮೇಲೆ ಎಣ್ಣೆ ಸವರಿದ ಕತ್ತಿಯ ಅಲಗಿನಲ್ಲಿ ಕೆಲಕಾಲದ ನಂತರ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಹನಿಗಳು ಒಸರುವುದು ಇದರಿಂದಲೇ.

ಕಡಲಿನಿಂದ ಎತ್ತಿದ ಫಿರಂಗಿಯನ್ನು ಬಿಸಿಲಿಗೆ ಒಣಗಿಸಿದರೆ ಒಳಗಿನ ಉಪ್ಪು ಹರಳುಗಟ್ಟಿ ಮೇಲ್ಮೈ ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ. ಆದ್ದರಿಂದ ಅದನ್ನು ಕ್ಷಾರದ ದ್ರಾವಣದಲ್ಲಿ ಮುಳುಗಿಸಿ, ಅನೇಕ ವೇಳೆ ಮಂದ ವಿದ್ಯುತ್ತನ್ನೂ ಹಾಯಿಸಿ, ಕ್ಲೋರೈಡನ್ನು ನಿಧಾನವಾಗಿ ಹೊರಗೆಳೆಯುತ್ತಾರೆ; ದೊಡ್ಡ ಫಿರಂಗಿಗೆ ವರ್ಷಗಳೇ ಹಿಡಿಯಬಹುದು.

ಆಯುಧಪೂಜೆಯ ಭಕ್ತಿಯಲ್ಲಿ ಹಳೆಯ ಖಡ್ಗವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವವರನ್ನು ನಾನು ಕೈಮುಗಿದು ತಡೆಯುತ್ತೇನೆ. ಹುಣಸೆಯ ಆಮ್ಲವು ತುಕ್ಕಿನೊಡನೆ ಕಮ್ಮಾರನ ಗುರುತನ್ನೂ ಅಳಿಸಿಹಾಕೀತು. ಚರ್ಮದ ಒರೆಯಲ್ಲಿ ಕತ್ತಿಯನ್ನು ಇಡುವುದೂ ಸಲ್ಲದು, ಏಕೆಂದರೆ ಒರೆ ತೇವವನ್ನು ಹಿಡಿದಿಡುತ್ತದೆ. ಸೀಸದ ಗುಂಡುಗಳನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟರೆ ಮರದಿಂದ ಹೊಮ್ಮುವ ಅಸಿಟಿಕ್ ಆಮ್ಲಕ್ಕೆ ಅವು ಬಿಳಿಪುಡಿಯಾಗುತ್ತವೆ, ಮತ್ತು ಆ ಪುಡಿ ವಿಷ.

ಎಸಿ ಹಾಕಿದರಾಯಿತು ಎಂಬ ಸಲಹೆಯನ್ನೂ ನಾನು ಒಪ್ಪಲಾರೆ. ಹಗಲೆಲ್ಲ ತಂಪಾದ ಕಬ್ಬಿಣದ ಮೇಲೆ, ಸಂಜೆ ಯಂತ್ರ ನಿಲ್ಲಿಸಿದ ಬಳಿಕ ನುಗ್ಗುವ ಮಳೆಗಾಲದ ಗಾಳಿ ಇಬ್ಬನಿಯಾಗಿ ಕೂರಬಲ್ಲದು. ಅದಕ್ಕಿಂತ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಜೊತೆಗೊಂದು ಆರ್ದ್ರತಾಮಾಪಕ ಸಣ್ಣ ಸಂಗ್ರಹಾಲಯಕ್ಕೆ ಹೆಚ್ಚು ನಂಬಿಕಸ್ಥ ಏರ್ಪಾಡು. ಜೆಲ್ ತೇವ ಹೀರಿ ಬಣ್ಣ ಬದಲಿಸಿದಾಗ ಒಲೆಯಲ್ಲಿ ಹದವಾಗಿ ಕಾಯಿಸಿ ಮತ್ತೆ ಬಳಸಬಹುದು.